ನಿಸರ್ಗ ಅಳು ನಿಲ್ಲಿಸಿದ ಹೊತ್ತು

ಹಳೇಕೋಟೆ
19 ಮೇ 2024, ಭಾನುವಾರ

ನನ್ನ ಮುದ್ದಿನ, ನನ್ನ ಹಟಮಾರಿ ಪ್ರತಿಭಾಗೆ ಅವ್ವ ಮಾಡುವ ಆಶೀರ್ವಾದಗಳು.

ಯುಗಾದಿಯ ಮಾರನೆಯ ದಿನ ಮುನಿಸಿಕೊಂಡು ಹೈದರಾಬಾದಿನ ಲ್ಯಾಬಿಗೆ ಹೋದವಳು ಇವತ್ತಿನವರೆಗೂ ಫೋನ್ ಎತ್ತಿಲ್ಲ. ಎತ್ತಬೇಡ ಬಿಡು. ಎತ್ತಿದ್ದರೂ ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಬೆಳಗಿನಿಂದ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ತೊಳೆದೆ.

ಹೋದ ಸೋಮವಾರ ಮಧ್ಯಾಹ್ನ ಪಕ್ಕದ ಮನೆಯ ಮೋಹನ್‌ಕುಮಾರನ ಮಗಳು ನಿಸರ್ಗಳಿಗೆ ಚೇಳು ಕುಟುಕಿತು. ಆರು ವರ್ಷದ ಕೂಸು. ಹಿತ್ತಲಿನ ತೆಂಗಿನ ಮಟ್ಟೆ ರಾಶಿಯಲ್ಲಿ ಚೆಂಡು ಹುಡುಕಲು ಕೈ ಹಾಕಿದ್ದಳಂತೆ. ಅವಳ ತಾಯಿ ದೀಪಶ್ರೀ ಮಗುವನ್ನು ಎತ್ತಿಕೊಂಡು ನೇರ ನಮ್ಮ ಜಗುಲಿಗೆ ಓಡಿ ಬಂದಳು. "ಅತ್ತೆ, ಬೇಗ ಮಂತ್ರ ಆಕಿ, ಮಗು ಒಂದೇ ಸಮ್ನೆ ಬಾಯ್ ಬಡ್ಕೊತದೆ" ಅಂದಳು.

ಹಿಂದೆಯೇ ಬಂದ ಮೋಹನ್‌ಕುಮಾರ ಹೊಡೆದು ತಂದಿದ್ದ ಚೇಳನ್ನು ನೋಡಿದೆ. ಕಿರುಬೆರಳುದ್ದದ ಕೆಂಪು ಚೇಳು. ಸುಳ್ಳು ಯಾಕೆ ಹೇಳಲಿ, ನಿನ್ನ ಮಾತು ನೆನಪಾಯಿತು. ಕರಿ ಚೇಳು ಉರಿಸಿ ಸುಮ್ಮನಾಗುತ್ತದೆ, ಕೆಂಪು ಚೇಳು ಮಕ್ಕಳ ಹೃದಯವನ್ನೇ ಕೆಡಿಸುತ್ತದೆ, ಮಂತ್ರ ಗಿಂತ್ರ ಅಂತ ಕೂರಬೇಡ ಎಂದು ಹಬ್ಬದ ಊಟಕ್ಕೆ ಕೂತಾಗ ಕೂಗಾಡಿದ್ದೆಯಲ್ಲ, ಅದು. ನೆನಪಾದದ್ದಕ್ಕೇ ನನಗೆ ಇನ್ನಷ್ಟು ಹಟ ಬಂತು. ನಿನ್ನ ತಾತ ಬೈರಯ್ಯನವರು ಗ್ರಹಣದ ದಿನ ಹೇಮಾವತಿಯಲ್ಲಿ ಸೊಂಟದುದ್ದ ನೀರಿನಲ್ಲಿ ನನ್ನನ್ನು ನಿಲ್ಲಿಸಿ ಕೊಟ್ಟ ಮಂತ್ರ ಅದು. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು ಎಂದು ಮಾತು ತೆಗೆದುಕೊಂಡಿದ್ದರು. ಮೂವತ್ತು ವರ್ಷ ಹಾಗೇ ನಡೆಸಿಕೊಂಡು ಬಂದಿದ್ದೇನೆ. ನಾನು ಹೆತ್ತವಳೇ ನನಗೆ ಬುದ್ಧಿ ಹೇಳುವಷ್ಟಾದಳಾ ಎಂದು ಸಿಟ್ಟು.

ಬೇವಿನ ಸೊಪ್ಪಿನಲ್ಲಿ ಭುಜದಿಂದ ಬೆರಳಿನವರೆಗೆ ವಿಷ ಇಳಿಸುತ್ತ ಕೂತೆ. ಅರ್ಧ ಗಂಟೆಯಲ್ಲಿ ಮಗು ಅಳು ನಿಲ್ಲಿಸಿತು. ನೋವುಂಟಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿತು. ಅಯ್ಯೋ ಪ್ರತಿಭಾ, ಆ ಹೊತ್ತಿನಲ್ಲಿ ನಾನು ಎಷ್ಟು ಬೀಗಿದೆ ಗೊತ್ತಾ! ನೀನಿದ್ದು ನೋಡಬೇಕಿತ್ತು ಎಂದುಕೊಂಡೆ. ಗಂಡ ಹೆಂಡತಿಯೂ ಸಮಾಧಾನವಾಗಿ ಕೂತರು. ಹೀಗೇ ಎರಡು ಗಂಟೆ ಕಳೆಯಿತು. ಆಮೇಲೆ ಮಗು ವಾಂತಿ ಮಾಡಿಕೊಂಡಿತು. ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ಉಸಿರು ಎಳೆದು ಎಳೆದು ಬಿಡುತ್ತಿತ್ತು. ಹೊಳೆನರಸೀಪುರದ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು, ನಾನೂ ಹಿಂದೆಯೇ ಹೋದೆ.

ಡಾಕ್ಟರಮ್ಮ ಒಂದು ಪುಟ್ಟ ಮಾತ್ರೆ ನುಂಗಿಸಿ, ಮೂಗಿಗೆ ಆಕ್ಸಿಜನ್ ಇಟ್ಟರು. ಆ ಮಾತ್ರೆಗೂ ನನ್ನ ಮಂತ್ರಕ್ಕೂ ನಡುವೆ ಕಳೆದುಹೋದ ಹೊತ್ತನ್ನು ನಾನು ಬೆಂಚಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಸಂಜೆ ಮಗು ಇದ್ದಕ್ಕಿದ್ದಂತೆ "ಅವ್ವಾ, ಬೆಳ್ಳು ಉರೀತದೆ" ಎಂದು ಕಿರುಚಿತು. ನಾನು ಗಾಬರಿಯಾಗಿ ಡಾಕ್ಟರಮ್ಮನನ್ನು ಕರೆದರೆ ಅವರು ನಕ್ಕುಬಿಟ್ಟರು. ಅಳಲಿ ಬಿಡಿ, ವಿಷದ ಜೋರು ಇಳಿದ ಮೇಲೇ ನೋವು ವಾಪಸ್ ಬರೋದು, ನೋವಿಲ್ಲ ಅಂದಾಗಲೇ ಹೆದರಬೇಕಿತ್ತು ಅಂದರು. ನನ್ನ ಮಂತ್ರ ಹಿಡಿಯಿತು ಎಂದು ನಾನು ಬೀಗಿದ್ದ ಹೊತ್ತಿನಲ್ಲೇ ಮಗು ಕೈಬಿಟ್ಟು ಹೋಗುತ್ತಿತ್ತು.

ಈಗ ಮಗು ಮನೆಗೆ ಬಂದಿದೆ, ಗುಂಡುಕಲ್ಲಿನ ಹಾಗಿದೆ. ಮೊನ್ನೆ ದೀಪಶ್ರೀ ತಟ್ಟೆಯಲ್ಲಿ ಎಲೆ ಅಡಿಕೆ, ಹಣ್ಣು, ಸೀರೆ ಇಟ್ಟುಕೊಂಡು ಬಂದು ಕಾಲಿಗೆ ಬಿದ್ದಳು. "ನಿಮ್ ಮಂತ್ರ ಇಲ್ದಿದ್ರೆ ಮಗು ಆಸ್ಪತ್ರೆಗಂಟ ಉಳೀತಿರ್ಲಿಲ್ಲ ಕಣತ್ತೆ" ಅಂದಳು. ಊರಲ್ಲೆಲ್ಲ ಅದೇ ಮಾತು. ನಿನ್ನೆ ದಂಡಿಗನಹಳ್ಳಿಯಿಂದ ಒಬ್ಬರು ಮಂತ್ರಕ್ಕೆಂದು ಹುಡುಕಿಕೊಂಡು ಬಂದರು. ನನಗೆ ಜ್ವರ, ಆಸ್ಪತ್ರೆಗೆ ಹೋಗಿ ಅಂದೆ. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಕಂಬಳಿ ಹೊದ್ದು ಮಲಗಿಬಿಡುತ್ತೇನೆ. ಎಷ್ಟು ದಿನ ಜ್ವರ ಅನ್ನಲಿ?

ಚೇಳಿನ ವಿಷದಲ್ಲೇ ಮಿದುಳಿನ ಗಡ್ಡೆಗೆ ಹೋಗಿ ಅಂಟಿಕೊಳ್ಳುವ ಒಂದು ಅಂಶವಿದೆ, ಗಡ್ಡೆ ಎಲ್ಲಿದೆಯೆಂದು ಡಾಕ್ಟರಿಗೆ ತೋರಿಸಲು ಅದನ್ನು ಬಳಸಿ ನೋಡುತ್ತಿದ್ದಾರೆ, ನೋವಿನ ಔಷಧಿಯೂ ಸಿಗಬಹುದು ಎಂದು ನೀನು ಅವತ್ತು ಕಣ್ಣರಳಿಸಿ ಹೇಳಿದ್ದೆ. ವಿಷದಲ್ಲಿ ಔಷಧಿ ಹುಡುಕುವವಳು ಹೆತ್ತವಳ ಮಂತ್ರದಲ್ಲಿ ವಿಷ ಹುಡುಕುತ್ತಾಳೆ ಎಂದು ನಾನು ಹಂಗಿಸಿದೆ. ತಪ್ಪಾಯಿತು ಕಂದ. ಚೇಳು ಕಡಿದರೆ ಏನು ಮಾಡಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದು ಕಳಿಸು, ಜಗುಲಿ ಗೋಡೆಗೆ ಅಂಟಿಸುತ್ತೇನೆ. ಲ್ಯಾಬಿನಲ್ಲಿ ಕೈ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಪುಟ್ಟತಾಯಮ್ಮ

ತಾ. ಕ.: ಗಂಡ ಹೆಂಡತಿಯೂ ಸಮಾಧಾನವಾಗಿ ಕೂತರು ಎಂದು ಬರೆದದ್ದು ಸುಳ್ಳು. ಮೋಹನ್‌ಕುಮಾರ ಮೊದಲೇ ಬೈಕ್ ಸ್ಟಾರ್ಟ್ ಮಾಡಿ, ಆಸ್ಪತ್ರೆಗೆ ಹೋಗೋಣ ಎಂದು ನಿಂತಿದ್ದ. ಕೀ ಕಿತ್ತುಕೊಂಡವಳು ನಾನು. ಚೇಳಿನ ವಿಷವನ್ನೇ ಓದಿರುವ ನನ್ನ ಮಗಳು ಮಂತ್ರ ಸಾಕು ಅಂದಿದ್ದಾಳೆ ಅಂದೆ. ನಾಳೆ ಅವರ ಮನೆಗೆ ಹೋಗಿ ಹೇಳುತ್ತೇನೆ, ಅದಕ್ಕೂ ಮೊದಲು ನಿನಗೆ ಗೊತ್ತಾಗಬೇಕು. ಅವನು ನನ್ನನ್ನು ನಂಬಿ ಕೂರಲಿಲ್ಲ ಪ್ರತಿಭಾ, ನಿನ್ನನ್ನು ನಂಬಿ ಕೂತ.