ಅನುಭವದ ಕಾಲಂನಲ್ಲಿ ಒಂದೇ ಸಾಲು

ಮೇಷ್ಟ್ರೇ,

ಕಾಗದ ಬರೆಯುವಾಗ ಮೊದಲು ಕ್ಷೇಮ ಸಮಾಚಾರ ಕೇಳಬೇಕೆಂದು ನಾಲ್ಕನೇ ಕ್ಲಾಸಿನಲ್ಲಿ ನೀವೇ ಕಲಿಸಿದ್ದಿರಿ. ಹೋಗಿ ಮೂರು ವರ್ಷವಾದವರನ್ನು ಕ್ಷೇಮವೇ ಎಂದು ಕೇಳುವುದು ಹೇಗೆ? ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಒಂದು ನಾಟಕ ತಂಡಕ್ಕೆ ಸ್ಟೇಜ್ ಮ್ಯಾನೇಜರ್ ಬೇಕು, ಬಯೋಡಾಟಾ ಕಳಿಸಿ ಎಂದು ಪೇಪರಿನಲ್ಲಿ ಬಂದಿತ್ತು. ಆ ತುಂಡನ್ನು ಕತ್ತರಿಸಿ ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ, ಅವರು ಬೇಡವೆಂದ ಮೇಲೆ ಮತ್ತೆ ಮಡಿಚಿಡುವುದರಲ್ಲೇ ನನ್ನ ಆಯುಷ್ಯ ಮುಗಿಯುತ್ತದೆ ಎಂದುಕೊಂಡಿದ್ದವನಿಗೆ ಮೊದಲ ಸಲ ಬೇರೆ ಏನೋ ಕಂಡಿತ್ತು.

ನಂಜನಗೂಡಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶಿವಣ್ಣ ನಿಮಗೆ ನೆನಪಿದ್ದಾನೆಯೇ? ಬಯೋಡಾಟಾ ಹೊಡೆಸಲು ಅವನ ಬಳಿಗೇ ಹೋದೆ. ಹೆಸರು, ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಪಾಸು, ಇಷ್ಟು ಹೊಡೆಯುವ ಹೊತ್ತಿಗೆ ನನ್ನ ಇಪ್ಪತ್ತೇಳು ವರ್ಷ ಮುಗಿದುಹೋಯಿತು.

"ಎಕ್ಸ್‌ಪೀರಿಯನ್ಸ್ ಏನ್ ಹೊಡೀಲಿ?" ಎಂದ.

"ಬಟ್ಟೆ ಅಂಗ್ಡೀಲಿ ಒಂಬತ್ತು ವರ್ಸ."

"ಲೇ ಮಾದೇವ, ಅವ್ರು ಕೇಳ್ತಿರೋದು ನಾಟ್ಕದ್ದು ಕಣ್ಲಾ. ಸೀರೆ ಮಡ್ಚೋನು ಬೇಕು ಅಂತ ಆಕವ್ರಾ ಪೇಪರ್‌ನಲ್ಲಿ?"

ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ಆ ಕಾಲಂನಲ್ಲಿ ಬರೆಯಲು ನನ್ನಲ್ಲಿ ಇದ್ದದ್ದು ಒಂದೇ ಸಾಲು. ಆ ಸಾಲನ್ನು ಬಾಯಿಬಿಟ್ಟು ಹೇಳಲಾಗದೆ ನಾಳೆ ಬರುತ್ತೇನೆಂದು ಎದ್ದು ಬಂದೆ.

ತಾಂಡವಪುರದ ಶಾಲೆಯ ಜಗಲಿಯಲ್ಲಿ ಭಾನುವಾರದ ಮಧ್ಯಾಹ್ನಗಳು. ನೀವು ಪಾತ್ರಧಾರಿಗಳಿಗೆ ಮಾತು ಕಲಿಸುತ್ತಿದ್ದಿರಿ, ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಸಿಂಹಾಸನದ ಜಾಗ, ಬಾಗಿಲಿನ ಜಾಗ ಬರೆಯುತ್ತಿದ್ದೆ. ಯಾರ ಕಿರೀಟ ಯಾರ ತಲೆಗೆ ಸಡಿಲ, ಯಾರಿಗೆ ಯಾವ ಮಾತು ಮರೆಯುತ್ತದೆ, ಎಲ್ಲ ನೋಟ್‌ಬುಕ್ಕಿನಲ್ಲಿತ್ತು. "ನೋಡಪ್ಪ ಮಾದೇವ, ಗದೆ ಕೈಗೆ ಸಿಗ್ಲಿಲ್ಲ ಅಂದ್ರೆ ಎಲ್ರೂ ನಿನ್ನ ಬೈತಾರೆ. ಸಿಕ್ತು ಅಂದ್ರೆ ನೀನಿದ್ದೀಯ ಅಂತ್ಲೇ ಯಾರಿಗೂ ಗೊತ್ತಾಗಲ್ಲ. ಈ ಕೆಲ್ಸ ಬೇಕಾ ನಿಂಗೆ?" ಎಂದು ಕೇಳಿದ್ದಿರಿ. ಬೇಕು ಅಂದಿದ್ದೆ. ಏಳು ವರ್ಷ ಹಾಗೆ ಕಳೆಯಿತು. ಆದರೆ ನಾಟಕದ ದಿನ ಮಾತ್ರ ಸೀನರಿ ಬಾಡಿಗೆಗೆ ಕೊಟ್ಟವರ ಆಳುಗಳೇ ಪರದೆ ಎಳೆಯುತ್ತಿದ್ದರು, ನಮ್ಮನ್ನು ಹಗ್ಗದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ತಾಲೀಮು ನೋಡಿಕೊಂಡದ್ದನ್ನು ಅನುಭವ ಎಂದರೆ ಯಾರು ಒಪ್ಪುತ್ತಾರೆ?

ನರಸೀಪುರದ ನಾಟಕ ಸ್ಪರ್ಧೆಯ ಅರ್ಜಿ ಬಂದ ದಿನ ನಿಮ್ಮ ಮುಖ ನೋಡಬೇಕಿತ್ತು. ಅದರಲ್ಲಿ ಸ್ಟೇಜ್ ಮ್ಯಾನೇಜರ್ ಎಂದೇ ಒಂದು ಖಾನೆ ಇತ್ತು. ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆದು, ಇಂಕು ಆರಲೆಂದು ಬಾಯಿಂದ ಊದಿ, "ಹಗ್ಗ ಈ ಸಲ ನಿನ್ ಕೈಲಿ" ಅಂದಿರಿ. ಅರ್ಜಿಯ ಕಾರ್ಬನ್ ಕಾಪಿಯನ್ನು ನಿಮ್ಮ ಟ್ರಂಕಿನಲ್ಲಿಟ್ಟಿರಿ. ನನ್ನ ಹೆಸರು ಒಂದು ನಾಟಕಕ್ಕೆ ಅಂಟಿಕೊಂಡದ್ದು ಆ ಹಾಳೆಯಲ್ಲಿ ಮಾತ್ರ.

ಸ್ಪರ್ಧೆಯ ದಿನ ಮಧ್ಯಾಹ್ನ ಎರಡೂವರೆಗೆ ನಮ್ಮ ಸರದಿ. ನಿಮ್ಮದು ಸೋತ ರಾಜನ ಪಾತ್ರ. ಸೈಡ್ ವಿಂಗಿನಲ್ಲಿ ನಿಂತು ನೀವು ಹೇಳಿದ್ದನ್ನು ಈಗಲೂ ಒಂದಕ್ಷರ ಬಿಡದೆ ಹೇಳಬಲ್ಲೆ. "ಹಾಡು ಮುಗಿದ್ಮೇಲೆ ಜನ ಒನ್ಸ್ ಮೋರ್ ಅಂತಾರೆ. ನಾನು ಎದೆ ಮೇಲೆ ಕೈ ಇಟ್ರೆ ಒಪ್ಕೊಂಡೆ ಅಂತ, ಪರದೆ ಬಿಡಬೇಡ. ಕೈ ಕೆಳಗೇ ಇದ್ರೆ ಬಿಟ್ಬಿಡು." ಒನ್ಸ್ ಮೋರ್ ಕೇಳಿದ ಜನಕ್ಕೆ ಎದೆ ಮುಟ್ಟಿ ನಮಸ್ಕರಿಸಿ ಮತ್ತೆ ಹಾಡುವುದು ನಮ್ಮ ಕಡೆ ಎಲ್ಲ ನಟರ ಪದ್ಧತಿ ತಾನೇ. ಹಾಡು ಮುಗಿಯಿತು. ಜನ ಕೂಗಿದರು. ನೀವು ಎದೆಯ ಮೇಲೆ ಕೈ ಇಟ್ಟಿರಿ. ನಾನು ಹಗ್ಗವನ್ನು ಬಿಗಿಯಾಗಿ ಹಿಡಿದೆ.

ಹಾರ್ಮೋನಿಯಂನವರು ಪಲ್ಲವಿ ಹಿಡಿದರು. ನೀವು ಹಾಡಲಿಲ್ಲ. ಸಿಂಹಾಸನದ ಮೆಟ್ಟಿಲ ಮೇಲೆ ಕುಳಿತಿರಿ, ಆಮೇಲೆ ಮೆಲ್ಲಗೆ ಒರಗಿದಿರಿ. ಕೈ ಎದೆಯ ಮೇಲೆಯೇ ಇತ್ತು. ತಾಲೀಮಿನಲ್ಲಿ ಇಲ್ಲದ್ದನ್ನು ಸೇರಿಸಿದ್ದಾರೆ, ಎಷ್ಟು ಚೆನ್ನಾಗಿದೆ ಎಂದುಕೊಂಡೆ ಮೇಷ್ಟ್ರೇ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕೂತಿದ್ದ ಡಾಕ್ಟರೂ ತಟ್ಟಿದರು. ನೀವು ಒಮ್ಮೆ ನನ್ನ ಕಡೆ ನೋಡಿದಿರಿ. ಆ ನೋಟ ಏನು ಹೇಳುತ್ತಿತ್ತು? ನಾನು ತಲೆಯಾಡಿಸಿದೆ, ಬಿಡುವುದಿಲ್ಲ, ನೆನಪಿದೆ ಎಂಬಂತೆ. ಪಲ್ಲವಿ ಇನ್ನೂ ಮೂರು ಸಲ ತಿರುಗಿತು. ಕೊನೆಗೆ ರಾಣಿಯ ಪಾತ್ರದ ನಿಂಗಪ್ಪ ನಿಮ್ಮ ಭುಜ ಮುಟ್ಟಿ, ಗಂಡು ದನಿಯಲ್ಲಿ "ಪರದೆ ಬುಡ್ಲಾ" ಎಂದು ಕಿರುಚಿದಾಗ ಹಗ್ಗ ನನ್ನ ಕೈಯಿಂದ ಜಾರಿತು. ಡಾಕ್ಟರು ಓಡಿ ಬಂದು ನಾಡಿ ನೋಡಿ, "ಆಗ್ಲೇ ಕರೀಬಾರ್ದಿತ್ತೇನ್ರಪ್ಪ" ಎಂದರು. ಗಲಾಟೆಯಲ್ಲಿ ಅದು ನನ್ನೊಬ್ಬನಿಗೇ ಕೇಳಿಸಿತು.

ಮಣ್ಣು ಮಾಡಿ ಬಂದ ದಿನದಿಂದ ಊರಿನಲ್ಲಿ ಒಂದೇ ಮಾತು. ಕಿರೀಟ ಇಟ್ಟುಕೊಂಡೇ ಶಿವನ ಪಾದ ಸೇರಿದರು, ಒಂದೇ ಕ್ಷಣ, ನೋವೇ ಇಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಎದುರಿಗೇ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ನಮ್ಮಿಬ್ಬರ ಒಪ್ಪಂದ ಯಾರಿಗೂ ಗೊತ್ತಿರಲಿಲ್ಲವಲ್ಲ. ಹಾಗಿರುವಾಗ ಅದೇ ನಾಟಕವನ್ನು ನನ್ನ ಅನುಭವ ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ? ಬರೆಯದಿದ್ದರೆ ಮತ್ತೇನು ಬರೆಯಲಿ?

ಕಳೆದ ತಿಂಗಳು, ಬಯೋಡಾಟಾ ಜೊತೆ ಸಾಕ್ಷಿಗೆ ಇಡೋಣವೆಂದು ಆ ಕಾರ್ಬನ್ ಕಾಪಿ ಕೇಳಲು ನಿಮ್ಮ ಮನೆಗೆ ಹೋದೆ. ಅಮ್ಮಾವ್ರು ಮಜ್ಜಿಗೆ ಕೊಟ್ಟು, ಟ್ರಂಕು ತೆಗೆದು, ಹುಡುಕಿ ತಂದರು. "ತಕೋಪ್ಪ. ನಿನ್ ಹೆಸ್ರು ಎಷ್ಟು ದಪ್ಪಕ್ಕೆ ಬರ್ದವ್ರೆ ನೋಡು. ನೀನು ಅಲ್ಲೇ ಇದ್ದೆ. ನಿಂತ್ಕಂಡಂಗೇ ಹೋದ್ರಂತೆ, ಒಂದೇ ಕ್ಷಣ ಅಂತೆ. ಅದೊಂದು ನೆಪ್ಪು ಮಾಡ್ಕಂಡು ಮಲೀಕತೀನಿ" ಎಂದರು. ಆಗ ಸುಮ್ಮನಿರಬೇಕಿತ್ತು. ಮೂರು ವರ್ಷ ಮುಚ್ಚಿಕೊಂಡಿದ್ದ ಬಾಯಿ ಆಗಲೇ ಬಿಚ್ಚಿಕೊಳ್ಳಬೇಕಿತ್ತೇ? ಎಲ್ಲ ಹೇಳಿಬಿಟ್ಟೆ. ಕೈ, ಹಗ್ಗ, ಪಲ್ಲವಿ, ಚಪ್ಪಾಳೆ, ಡಾಕ್ಟರು...

ಅಮ್ಮಾವ್ರು ಅಳಲಿಲ್ಲ. ಇಷ್ಟೇ ಕೇಳಿದರು. "ಅಷ್ಟೊತ್ತೂ ಅವ್ರಿಗೆ ಗ್ಯಾನ ಇತ್ತಾ?"

ನೀವು ನನ್ನನ್ನು ನೋಡಿದ್ದು ಹೇಳಿದೆ.

"ನೀನು ಭಾರ ಇಳಿಸ್ಕಂಡೆ ಮಾದೇವ. ಇನ್ಮೇಕೆ ನಾನು ಎಂಗ್ ಮಲೀಕಳ್ಳಿ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಆ ಕಾಗ್ದ ಇಲ್ಲೇ ಮಡಗಿ ಓಗು. ಯಾರಿಗೂ ಏಳ್ಬೇಡ, ಎಲ್ಲೂ ಬರೀಬೇಡ." ಕಾಗದವನ್ನು ಅವರ ಮುಂದಿಟ್ಟು ಬಂದೆ. ಸತ್ಯ ಹೇಳಿದರೆ ಹಗುರವಾಗುತ್ತದೆ ಎನ್ನುತ್ತಾರೆ. ನಾನು ಹಗುರವಾದದ್ದು ನಿಜ, ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯ.

ಮರುದಿನ ಶಿವಣ್ಣನಿಗೆ ಅನುಭವದ ಕಾಲಂನಲ್ಲಿ "ಇಲ್ಲ" ಎಂದು ಹೊಡೆಯಲು ಹೇಳಿದೆ. "ಏನಾರ ಒಂದು ಸುಳ್ಳಾದ್ರೂ ಆಕೋಣ ಕಣೋ, ಯಾರ್ ಬಂದು ನೋಡ್ತಾರೆ" ಎಂದ. ಬೇಡ, ಅಷ್ಟೇ ಸಾಕು ಅಂದೆ.

ಹೋದ ಬುಧವಾರ ಮೈಸೂರಿನಲ್ಲಿ ಸಂದರ್ಶನವಾಯಿತು, ಮೇಷ್ಟ್ರೇ. ಕನ್ನಡಕದ ಹಿರಿಯರೊಬ್ಬರು ನನ್ನ ಹಾಳೆಯನ್ನು ಪಕ್ಕದವರಿಗೆ ತೋರಿಸುತ್ತಾ, "ಬಂದಿರೋ ನಲವತ್ತು ಅರ್ಜಿಯಲ್ಲಿ ಎಲ್ಲರೂ ಇಲ್ಲದ ನಾಟಕಗಳನ್ನ ಸೇರಿಸಿದ್ದಾರೆ. ಅನುಭವ ಇಲ್ಲ ಅಂತ ನಿಜ ಬರೆದವನು ಇವನೊಬ್ಬನೇ" ಎಂದರು. ಕೆಲಸ ನನಗೇ ಕೊಟ್ಟರು. ನಾನು ಥ್ಯಾಂಕ್ಸ್ ಸಾರ್ ಎಂದೆ. ಸೋಮವಾರ ಸೇರಿಕೊಳ್ಳಬೇಕು.

ನಿಮ್ಮ
ಮಾದೇವ