ಕದಿರಯ್ಯ ಬಾರಿಸಿದ್ದು ಸಾವಿನ ಗತ್ತು

ಸಿನಿಮಾ ಜಾಲತಾಣದಲ್ಲಿ ಪ್ರೇಕ್ಷಕರ ವಿಮರ್ಶೆಗಳನ್ನು ಸೋಸುವ ಮುಖ್ಯ ಪರಿಶೀಲಕರಿಗೆ,

ಮಾನ್ಯರೇ,

ನಮ್ಮ ದೊಡ್ಡೇರಿಯ ತಮಟೆ ಕಲಾವಿದ ಕದಿರಯ್ಯನವರ ಐದು ಸಾಲಿನ ವಿಮರ್ಶೆಯನ್ನು ತಾವು ನಾಲ್ಕೇ ನಿಮಿಷದಲ್ಲಿ ಅಳಿಸಿಹಾಕಿದಿರಿ. ಕೊಟ್ಟ ಕಾರಣ, ‘ಸಿನಿಮಾಕ್ಕೆ ಸಂಬಂಧಿಸಿದ್ದಲ್ಲ.’ ಅದೇ ಸಿನಿಮಾದ ಕೆಳಗೆ, ಪಾಪ್‌ಕಾರ್ನ್ ತಣ್ಣಗಿತ್ತೆಂದು ಮಹಾಶಯರೊಬ್ಬರು ಬರೆದ ಉದ್ದನೆಯ ಪ್ರಬಂಧ ಇಂದಿಗೂ ರಾರಾಜಿಸುತ್ತಿದೆ. ಪಾಪ್‌ಕಾರ್ನ್ ಆ ಸಿನಿಮಾದಲ್ಲಿ ಯಾವ ಪಾತ್ರ ಮಾಡಿತ್ತೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಕದಿರಯ್ಯನವರಂತೂ ಆ ಸಿನಿಮಾದಲ್ಲಿದ್ದಾರೆ. ಊರ ಯಜಮಾನನ ಹೆಣ ಸಾಗಿಸುವ ದೃಶ್ಯವನ್ನು ನಮ್ಮೂರಿನಲ್ಲೇ ಚಿತ್ರೀಕರಿಸಿದರು. ಕದಿರಯ್ಯ ಹುಲ್ಲು ಉರಿಸಿ ತಮಟೆ ಕಾಯಿಸಿ, ಸಂಜೆಯವರೆಗೂ ಸಾವಿನ ಗತ್ತು, ಅಂದರೆ ಹೆಣದ ಮುಂದಷ್ಟೇ ಹಾಕುವ ಬಡಿತ, ಬಾರಿಸಿದ್ದನ್ನು ನಾನೇ ನಿಂತು ಕೇಳಿದ್ದೇನೆ. ತೆರೆಗೆ ಬಂದಾಗ ಅವರ ಕೈ ಆಡುತ್ತಿತ್ತು, ಕೇಳಿಸುತ್ತಿದ್ದುದು ಮಾತ್ರ ಮದುವೆಯ ಗತ್ತು. ಜೋಶ್ ಸಾಲದೆಂದು ಸ್ಟುಡಿಯೋದಲ್ಲಿ ಬದಲಾಯಿಸಿದ್ದರಂತೆ. ತಮಗೆ ಎರಡೂ ಬರೀ ಸದ್ದಿರಬಹುದು. ನಮ್ಮಲ್ಲಿ ಹೊಲದಲ್ಲಿರುವವರು ಗತ್ತು ಕೇಳಿಯೇ, ಹೊಸ ಬಟ್ಟೆ ಉಡಬೇಕೋ ಒಲೆ ಆರಿಸಬೇಕೋ ತೀರ್ಮಾನಿಸುತ್ತಾರೆ.

ಹೆಣದ ಮುಂದೆ ಮದುವೆ ಗತ್ತು ಬಾರಿಸಿದ ಕೈ ಎಂದು ಸುತ್ತಲಿನ ಊರುಗಳವರು ಅವರನ್ನು ಮದುವೆಗೆ ಕರೆಯುವುದನ್ನೇ ಬಿಟ್ಟರು. ಕೊನೆಗೆ ಸ್ವಂತ ತಮ್ಮ ದೊಡ್ಡಹನುಮಯ್ಯನೂ ಮಗಳ ಮದುವೆಗೆ ಶಿರಾದಿಂದ ಬ್ಯಾಂಡ್ ಸೆಟ್ ತರಿಸಿದ. “ಅಣ್ಣಾ, ಬೀಗ್ರು ಒಂಥರಾ ಜನ ಕಣಣ್ಣ. ನೀನು ಊಟದ ಕಡೆ ನೋಡ್ಕೊಂಬುಡು” ಎಂದ. ನಲವತ್ತು ವರ್ಷ ದಿಬ್ಬಣದ ಮುಂದೆ ನಡೆದವರು ಅಂದು ಪಂಕ್ತಿಗೆ ಎಲೆ ಹಾಕಿದರು. ನನ್ನ ಮುಂದಿನ ಎಲೆಯನ್ನೂ ಅವರೇ ಹಾಕಿದ್ದು.

ಮಾರನೆಯ ದಿನ ನನ್ನ ಮನೆಗೆ ಬಂದರು. “ಮೇಷ್ಟ್ರೇ, ಮೊಬೈಲ್ನಾಗೆ ಎಲ್ಲಾರೂ ಬರೀತಾರಂತಲ್ಲ, ನಂದೂ ಒಂದೀಟು ಹಾಕಿ. ನಾನು ಬಾರ್ಸಿದ್ದು ಸಾವಿನ್ ಗತ್ತು, ಆಮೇಲೆ ಬದಲಾಯಿಸವ್ರೆ, ಅಷ್ಟೇಯ. ಯಾರ್ನೂ ಬೈಬ್ಯಾಡಿ” ಎಂದರು. ಅವರ ಹೆಸರಿನಲ್ಲೇ ಖಾತೆ ತೆರೆದು, ಹೇಳಿದ ಹಾಗೆ ಬರೆದೆ. ಬೈಯಲಿಲ್ಲ. ಅದೇ ನಾನು ಮಾಡಿದ ತಪ್ಪು. ಬೈದಿದ್ದರೆ ಉಳಿಯುತ್ತಿತ್ತು. ‘ಆ ತಮಟೆಯವನ ಮುಖ ನೋಡಿ ವಾಕರಿಕೆ ಬಂತು, ಇಂಥವರನ್ನು ಊರಾಚೆಯೇ ಇಡಬೇಕು’ ಎಂದು ಬರೆದವನ ವಿಮರ್ಶೆ ತಮ್ಮ ಆಶ್ರಯದಲ್ಲಿ ಕ್ಷೇಮವಾಗಿದೆಯಲ್ಲ! ಅದರ ವಿರುದ್ಧ ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಒಂದೇ ಉತ್ತರ: ‘ಪರಿಶೀಲಿಸಿದ್ದೇವೆ. ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ.’

ಪರಿಶೀಲಿಸಿದ್ದು ಯಂತ್ರವೋ ಮನುಷ್ಯರೋ? ಯಂತ್ರವಾದರೆ ತಿಳಿಸಿ, ಅದನ್ನು ‘ಮಾನ್ಯರೇ’ ಎಂದು ಕರೆಯುವುದನ್ನು ನಿಲ್ಲಿಸುತ್ತೇನೆ. ಮನುಷ್ಯರಾದರೆ ಹಾಗೆ ಕರೆಯಲು ಇನ್ನೂ ನಾಚಿಕೆಯಾಗುತ್ತದೆ. ಪರೀಕ್ಷಿಸಲೆಂದು ನಾನೊಂದು ಕೆಲಸ ಮಾಡಿದೆ. ಇನ್ನೂ ಬಿಡುಗಡೆಯೇ ಆಗದ ಸಿನಿಮಾವೊಂದಕ್ಕೆ ‘ಕೊನೆಯ ದೃಶ್ಯದಲ್ಲಿ ಕಣ್ಣೀರು ತಡೆಯಲಾಗಲಿಲ್ಲ’ ಎಂದು ಬರೆದೆ. ತಕ್ಷಣ ಪ್ರಕಟವಾಯಿತು. ಮೇಲೆ ‘ವಿಶ್ವಾಸಾರ್ಹ ವಿಮರ್ಶಕ’ ಎಂಬ ಬಿರುದೂ ಸಿಕ್ಕಿತು.

ಇನ್ನೊಂದು ಸಂಗತಿ ಬಾಕಿಯಿದೆ. ನಕ್ಷತ್ರ ಕೊಡದೆ ಬರೆಯಲು ತಮ್ಮ ಜಾಲತಾಣ ಬಿಡುವುದಿಲ್ಲ. ಎಷ್ಟು ಕೊಡಲೆಂದು ಕದಿರಯ್ಯನವರನ್ನು ಕೇಳಿದ್ದೆ. “ಐದೂ ಕೊಡಿ ಮೇಷ್ಟ್ರೇ, ನಮ್ಮೂರು ಚೆಂದಾಗಿ ಕಾಣ್ತೈತೆ” ಎಂದಿದ್ದರು. ತಾವು ಅವರ ಮಾತನ್ನು ಅಳಿಸಿ ನಕ್ಷತ್ರಗಳನ್ನು ಉಳಿಸಿಕೊಂಡಿದ್ದೀರಿ. ಈಗ ಅಲ್ಲಿರುವುದು ಅವರ ಹೆಸರು, ಐದು ನಕ್ಷತ್ರ, ಕೆಳಗೆ ಖಾಲಿ ಜಾಗ. ಸುತ್ತಲಿನ ಊರಿನವರು ಅದನ್ನೇ ತೋರಿಸಿ, “ನೋಡ್ರಲಾ, ಹೆಣದ ಮುಂದೆ ಮದ್ವೆ ಗತ್ತು ಬಾರ್ಸಿದ್ದಕ್ಕೆ ತಾನೇ ಐದಕ್ಕೈದು ಕೊಟ್ಕಂಡವ್ನೆ” ಎಂದು ನಗುತ್ತಾರೆ.

ಆ ಐದು ಸಾಲುಗಳನ್ನು ಇದ್ದಲ್ಲಿಯೇ ಮರಳಿ ಹಾಕಿ. ಅದು ತಮ್ಮಿಂದಾಗದಿದ್ದರೆ, ಕದಿರಯ್ಯನವರ ಐದು ನಕ್ಷತ್ರಗಳನ್ನು ಅವರಿಗೆ ಹಿಂದಿರುಗಿಸಿ.

ಇಂತಿ,
ನೋಡದ ಸಿನಿಮಾಕ್ಕೆ ಅತ್ತು ತಮ್ಮಿಂದ ವಿಶ್ವಾಸಾರ್ಹನೆನಿಸಿಕೊಂಡ
ನರಸಿಂಹರಾಜು, ಶಾಲಾ ಶಿಕ್ಷಕ
ದೊಡ್ಡೇರಿ, ಮಧುಗಿರಿ ತಾಲ್ಲೂಕು