ಅಂಗೈ ಕೆಳಗಿನ ಹುಣಸೆ ಬೀಜ

ನನಗೆ ಅಪ್ಪನೂ ಲೆಕ್ಕದ ಮಾಸ್ತರರೂ ಆಗಿದ್ದ ನಿಮಗೆ,

ಸಪ್ತಾಪುರದ ಮನೆಯ ಕಟ್ಟೆ ನೆನಪಿದೆಯಾ ಅಪ್ಪಾ? ಚೌಕಾಬಾರ ಆಡಲೆಂದು ಹುಣಸೆ ಬೀಜಗಳನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಟ್ಟಿರುತ್ತಿದ್ದೆವಲ್ಲ, ಅವುಗಳಲ್ಲಿ ಸಮನಾಗಿ ಬೀಳುವ ಎರಡನ್ನು ಆರಿಸಿ ನನಗೆ ಸಂಭವನೀಯತೆ ಕಲಿಸಿದಿರಿ. ಎರಡೂ ಬಿಳಿ ಬೀಳುವುದು ನಾಲ್ಕರಲ್ಲಿ ಒಂದು ಸಲ ಎಂದಿರಿ. ನಾಲ್ಕು ಸಲ ಎಸೆದೆ, ಒಮ್ಮೆಯೂ ಬೀಳಲಿಲ್ಲ. ನಿಮ್ಮ ಲೆಕ್ಕವೇ ಸುಳ್ಳೆಂದು ಮುಖ ಊದಿಸಿಕೊಂಡೆ. "ನಾಕು ಸಲಾ ಸಾಲಂಗಿಲ್ಲವ್ವಾ. ಮಧ್ಯಾಹ್ನಪೂರ್ತಿ ಎಸಿ, ಆವಾಗ ಲೆಕ್ಕದ ಹತ್ರ ಬರ್ತೈತಿ," ಎಂದು ನಕ್ಕಿರಿ. ಸಂಜೆಯವರೆಗೆ ಎಸೆದೆ. ಹತ್ತಿರವೇ ಬಂದಿತ್ತು.

ನೀವು ತೀರಿಹೋದ ಮೇಲೆ ನನ್ನ ಮಗಳು ಪುಟ್ಟಿ ಹುಟ್ಟಿದಳು. ಅವಳಿಗೆ ತಿಂಗಳು ತಿಂಗಳೂ ಬೇರೆಯವರ ರಕ್ತ ಏರಿಸಬೇಕು. ಸಂಬಂಧ ಬಿಟ್ಟುಹೋಗಬಾರದೆಂದು ನಿಮ್ಮ ತಂಗಿಯ ಮಗನಿಗೇ ನನ್ನನ್ನು ಕೊಟ್ಟಿರಿ. ರಕ್ತದ ಈ ದೋಷ ನಮ್ಮಿಬ್ಬರಲ್ಲೂ ಸದ್ದಿಲ್ಲದೆ ಅಡಗಿತ್ತಂತೆ. ಎಲ್ಲದಕ್ಕೂ ಲೆಕ್ಕ ಹಾಕುತ್ತಿದ್ದವರು ಇದೊಂದಕ್ಕೆ ಯಾಕೆ... ಇರಲಿ. ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ತಿಳಿಯುವುದಿಲ್ಲ.

ಈಗ ಮತ್ತೆ ಬಸುರಿ. ಇಬ್ಬರಿಂದಲೂ ದೋಷ ಇಳಿದು ಈ ಕೂಸಿಗೂ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದರು ಡಾಕ್ಟರು. ಬೆಂಗೇರಿಯ ಮನೆಗೆ ಬಂದು ಹೇಳಿದಾಗ ಅತ್ತೆ ನನ್ನ ತಲೆ ಸವರಿದರು. "ಆ ಒಂದು ಪುಟ್ಟಿಗೆ ಬಂದು ಹೋತಲ್ಲವ್ವಾ. ಇನ್ನ ಮೂರು ಛಲೋನ ಹುಟ್ತಾವ," ಎಂದರು. ಅದನ್ನೇ ನಂಬಿ ಅವತ್ತು ಹೊಟ್ಟೆ ತುಂಬ ಉಂಡೆ. ಮರುದಿನ ರೊಟ್ಟಿ ಬಡಿಯುವಾಗ ನಿಮ್ಮ ಮಾತು ನೆನಪಾಯಿತು, ಬೀಜಕ್ಕೆ ಹಿಂದಿನ ಆಟ ನೆನಪಿರುವುದಿಲ್ಲ ಎನ್ನುತ್ತಿದ್ದಿರಿ. ಬಡಿತ ತಪ್ಪಿ ರೊಟ್ಟಿ ಹರಿಯಿತು. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು, ಅಲ್ಲವೇ? ಮಧ್ಯಾಹ್ನಪೂರ್ತಿ ಎಸೆಯಲು ನನ್ನ ಬಳಿ ಏನಿದೆ ಅಪ್ಪಾ? ಇರುವುದು ಇದೊಂದು ಕೂಸು. ನನಗೆ ತುಂಬ ಭಯವಾಗಿದೆ.

ಬೀಜ ನೆಲಕ್ಕೆ ಬಿದ್ದ ಕೂಡಲೇ ಅಂಗೈಯಿಂದ ಮುಚ್ಚಿ ನನ್ನನ್ನು ಸತಾಯಿಸುತ್ತಿದ್ದಿರಿ. ಎರಡೂ ಬಿಳಿ ಬೀಳಲಿ ಎಂದು ನಾನು ಕಣ್ಣುಮುಚ್ಚಿ ಬೇಡುತ್ತಿದ್ದರೆ, "ಬಿದ್ದಾಗೈತಿ. ನೋಡೂದಷ್ಟ ಉಳದೈತಿ," ಎನ್ನುತ್ತಿದ್ದಿರಿ. ಹೊಟ್ಟೆಯಲ್ಲಿರುವ ಕೂಸಿನ ಪರೀಕ್ಷೆ ಮಾಡಿಸಿದ್ದೇವೆ, ನಾಳೆ ಹೇಳುತ್ತಾರೆ. ಬಿದ್ದಾಗಿದೆ ಎಂದು ಗೊತ್ತಿದ್ದೂ ಬೇಡುತ್ತಲೇ ಇದ್ದೇನೆ, ಈ ಸಲ ಎರಡೂ ಬಿಳಿ ಬೀಳದಿರಲಿ ಎಂದು. ನೀವಿದ್ದಿದ್ದರೆ...

ನಾಳೆ ಆ ಅಂಗೈಯನ್ನು ನಾನೇ ಎತ್ತುತ್ತೇನೆ, ಅಪ್ಪಾ.